ಕಲ್ಯಾಣ ಮಂಟಪದ ಹವಾನಿಯಂತ್ರಣ: ಆರೈಕೆಯೂ ದೋಷಪರಿಹಾರವೂ

ನಿತ್ಯಜೀವನದಲ್ಲಿ ವಿಜ್ಞಾನ

ಒಂದು ಕಾಲಕ್ಕೆ ನಮ್ಮಲ್ಲಿ ಮದುವೆಯೆಂದರೆ ಮನೆಯ ಮುಂದಿನ ಹಂದರ, ಮಾವಿನ ತೋರಣ ಮತ್ತು ಕೈಯಲ್ಲೊಂದು ಬೀಸಣಿಗೆ. ಇಂದು ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ, ವಿಜಯಪುರದಂತಹ ಊರುಗಳಲ್ಲಿ ಸಂಘ ಸಂಸ್ಥೆಗಳು ನಡೆಸುವ ಕಲ್ಯಾಣ ಮಂಟಪಗಳೂ ಹವಾನಿಯಂತ್ರಿತವಾಗಿವೆ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ವೃದ್ಧರಿಗೂ ಎಳೆಯ ಮಕ್ಕಳಿಗೂ ಇದೊಂದು ದೊಡ್ಡ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲಕ್ಷಾಂತರ ರೂಪಾಯಿ ವೆಚ್ಚ ಮಾಡಿ ಯಂತ್ರವನ್ನು ಕೂಡಿಸುವ ಆಡಳಿತ ಮಂಡಳಿಗಳು ಅದರ ಆರೈಕೆಯ ವಿಷಯದಲ್ಲಿ ತೋರುವ ಅನಾದರ ಮಾತ್ರ ವಿಷಾದಕರ. ಅಕ್ಷತೆ ಬೀಳುವ ಹೊತ್ತಿಗೆ ಯಂತ್ರ ನಿಂತು, ಆರುನೂರು ಜನ ಕಿಟಕಿಯಿಲ್ಲದ ಸಭಾಂಗಣದಲ್ಲಿ ಬೆವರಿಳಿಸುತ್ತ ಕುಳಿತಾಗಲೇ ಎಲ್ಲರಿಗೂ ಮೆಕ್ಯಾನಿಕರ ನೆನಪು. ಅವಸರದಲ್ಲಿ ಬಂದವನು ‘ಗ್ಯಾಸು ಕಡಿಮೆಯಾಗಿದೆ’ ಎಂದು ಹೇಳಿ, ಒಂದಿಷ್ಟು ತುಂಬಿ, ದುಡ್ಡು ಪಡೆದು ಹೋಗುತ್ತಾನೆ. ಮುಂದಿನ ಮದುವೆಗೆ ಮತ್ತೆ ಅದೇ ಕಥೆ. ಇಂತಹ ಯಂತ್ರವನ್ನು ಹೇಗೆ ಕಾಪಾಡಬೇಕು, ಕೆಟ್ಟಾಗ ಏನನ್ನು ಮೊದಲು ನೋಡಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ. ದೊಡ್ಡ ಬಟ್ಟೆ ಅಂಗಡಿ, ನರ್ಸಿಂಗ್ ಹೋಮ್, ಸಹಕಾರಿ ಬ್ಯಾಂಕು ಮೊದಲಾದವುಗಳನ್ನು ನಡೆಸುವವರಿಗೂ ಇದು ಅನ್ವಯಿಸುತ್ತದೆ.

ಯಂತ್ರದ ಕೆಲಸವೇನು?

ಹವಾನಿಯಂತ್ರಕವು ತಂಪನ್ನು ಉತ್ಪಾದಿಸುತ್ತದೆಯೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ ಅದು ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಹಾಕುವ ಹಮಾಲಿ ಮಾತ್ರ. ಒಳಗಿನ ಕಾಯಿಲ್‌ನಲ್ಲಿ ಶೀತಕ ದ್ರವವು (ಜನ ‘ಗ್ಯಾಸು’ ಎನ್ನುವುದು ಇದನ್ನೇ) ಕಡಿಮೆ ಒತ್ತಡದಲ್ಲಿ ಆವಿಯಾಗುತ್ತ ಸಭಾಂಗಣದ ಉಷ್ಣವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಮಾಳಿಗೆಯ ಮೇಲಿರುವ ಕಂಡೆನ್ಸರ್‌ನಲ್ಲಿ ಅದು ತನ್ನ ಉಷ್ಣವನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಎಕ್ಸ್‌ಪಾನ್ಷನ್ ವಾಲ್ವಿನ ಮೂಲಕ ಹಾದು ಪುನಃ ಒಳಗೆ ಬರುತ್ತದೆ. ಈ ಚಕ್ರದಲ್ಲಿ ಶೀತಕವು ಖರ್ಚಾಗುವುದೇ ಇಲ್ಲವೆಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಯಂತ್ರದ ಸಾಮರ್ಥ್ಯವನ್ನು ‘ಟನ್’ಗಳಲ್ಲಿ ಅಳೆಯುವುದು ಹಳೆಯ ಮಂಜುಗಡ್ಡೆ ವ್ಯಾಪಾರದಿಂದ ಬಂದ ರೂಢಿ. ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಉಷ್ಣವನ್ನು ಹೊರಹಾಕುವ ಯಂತ್ರ ಒಂದು ಟನ್‌ನದು. ಅದು ಸುಮಾರು 3.5 ಕಿಲೋವಾಟ್‌ಗೆ ಸಮ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹವೇ ಸುಮಾರು 100 ವಾಟ್‌ನಷ್ಟು ಉಷ್ಣವನ್ನು ಹೊರಸೂಸುತ್ತದೆ. ಆರುನೂರು ಜನ ಸೇರಿದರೆ 60 ಕಿಲೋವಾಟ್. ಅಂದರೆ ಜನರ ಮೈಬಿಸಿಯನ್ನು ತೆಗೆಯುವುದಕ್ಕೇ 17 ಟನ್ ಬೇಕು. ಬಿಸಿಲಿಗೆ ಕಾದ ಮಾಳಿಗೆ, ವಿಡಿಯೋದವರ ದೀಪಗಳು, ತೆರೆದೇ ಇರುವ ಬಾಗಿಲು ಇವುಗಳ ಲೆಕ್ಕ ಬೇರೆ. ಆದುದರಿಂದ ಜನ ತುಂಬಿದ ಮೇಲೆ ಯಂತ್ರವನ್ನು ಹಚ್ಚಿ ತಂಪನ್ನು ನಿರೀಕ್ಷಿಸುವುದು ಸರಿಯಲ್ಲ. ಎರಡು ಗಂಟೆ ಮೊದಲೇ ಹಚ್ಚಿ ಗೋಡೆ, ನೆಲ, ಕುರ್ಚಿಗಳು ತಣಿಯುವಂತೆ ಮಾಡಬೇಕು.

ಆರೈಕೆಯ ಕ್ರಮ

ಮೊದಲನೆಯದು ಫಿಲ್ಟರ್. ಮದುವೆಯ ಹಂಗಾಮಿನಲ್ಲಿ ಹದಿನೈದು ದಿನಗಳಿಗೊಮ್ಮೆ ಇದನ್ನು ತೆಗೆದು ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಇದಕ್ಕೆ ಮೆಕ್ಯಾನಿಕರು ಬೇಕಿಲ್ಲ. ಮಂಟಪದ ಕಾವಲುಗಾರನಿಗೆ ಒಮ್ಮೆ ತೋರಿಸಿಕೊಟ್ಟರೆ ಸಾಕು. ಧೂಳು ಕಟ್ಟಿದ ಫಿಲ್ಟರ್ ಗಾಳಿಯ ಹರಿವನ್ನು ತಡೆಯುವುದರಿಂದ ತಂಪು ಕುಗ್ಗುತ್ತದೆ, ವಿದ್ಯುತ್ತಿನ ಬಿಲ್ಲು ಏರುತ್ತದೆ.

ಎರಡನೆಯದು ಕಂಡೆನ್ಸರ್. ಕಲ್ಯಾಣ ಮಂಟಪಗಳಲ್ಲಿ ಇದಕ್ಕೊಂದು ವಿಶೇಷ ಕಂಟಕವಿದೆ. ಅಡಿಗೆಮನೆಯ ಹೊಗೆ ಬಿಡುವ ಫ್ಯಾನು ಹಲವೆಡೆ ಕಂಡೆನ್ಸರಿನ ಸಮೀಪದಲ್ಲೇ ಇರುತ್ತದೆ. ಎಣ್ಣೆಯ ಜಿಡ್ಡು ತಗಡಿನ ರೆಕ್ಕೆಗಳಿಗೆ ಅಂಟಿ, ಅದರ ಮೇಲೆ ಧೂಳು ಕೂತು, ಕಂಬಳಿ ಹೊದಿಸಿದಂತಾಗುತ್ತದೆ. ಉಷ್ಣ ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರಿ ಯಂತ್ರ ನಿಲ್ಲುತ್ತದೆ. ಮೂರು ತಿಂಗಳಿಗೊಮ್ಮೆ ಸೌಮ್ಯವಾದ ಸಾಬೂನು ದ್ರಾವಣದಿಂದ, ಒಳಗಿನಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಬೇಕು. ಅತಿ ಒತ್ತಡದ ನೀರು ರೆಕ್ಕೆಗಳನ್ನು ಮಡಚುತ್ತದೆ. ತೀಕ್ಷ್ಣ ಆಮ್ಲ ಅಲ್ಯುಮಿನಿಯಮ್ಮನ್ನೇ ತಿನ್ನುತ್ತದೆ. ಹೊಗೆಯ ಕೊಳವೆಯನ್ನು ಬೇರೆ ದಿಕ್ಕಿಗೆ ತಿರುಗಿಸುವುದು ಶಾಶ್ವತ ಪರಿಹಾರ.

ಮೂರನೆಯದು ನೀರು ಹೋಗುವ ಕೊಳವೆ. ಗಾಳಿಯ ತೇವವು ತಣ್ಣನೆಯ ಕಾಯಿಲ್ ಮೇಲೆ ನೀರಾಗಿ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಬ್ಲೋವರ್ ಅಲ್ಲಿ ಗಾಳಿಯನ್ನು ಒಳಕ್ಕೆ ಸೆಳೆಯುತ್ತಿರುವುದರಿಂದ ಕೊಳವೆಗೆ ‘ಯು’ ಆಕಾರದ ಬಾಗು ಇರಬೇಕು ಮತ್ತು ಅದರಲ್ಲಿ ನೀರು ನಿಂತಿರಬೇಕು. ತಿಂಗಳುಗಟ್ಟಲೆ ಯಂತ್ರ ನಿಂತಿದ್ದರೆ ಆ ನೀರು ಆರುತ್ತದೆ. ಆಗ ತಟ್ಟೆಯ ನೀರು ಇಳಿಯದೆ ಉಕ್ಕಿ, ಕೆಳಗೆ ಕುಳಿತವರ ರೇಶಿಮೆ ಸೀರೆಗಳ ಮೇಲೆ ತೊಟ್ಟಿಕ್ಕುತ್ತದೆ. ಹಂಗಾಮಿಗೆ ಮುನ್ನ ಒಂದು ತಂಬಿಗೆ ನೀರು ಹೊಯ್ದು ನೋಡಿದರೆ ಪಾಚಿ ಕಟ್ಟಿದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ.

ಬ್ಲೋವರಿಗೆ ಬೆಲ್ಟ್ ಇದ್ದರೆ ಅದರ ಬಿಗಿತ, ಬೇರಿಂಗಿನ ಗ್ರೀಸು, ತಾಮ್ರದ ಕೊಳವೆಯ ಮೇಲಿನ ಹೊದಿಕೆ, ವಿದ್ಯುತ್ ಪೆಟ್ಟಿಗೆಯಲ್ಲಿ ಸಡಿಲವಾದ ಸ್ಕ್ರೂಗಳು, ಇಲಿ ಕಡಿದ ತಂತಿ, ಕಾಂಟ್ಯಾಕ್ಟರಿನಲ್ಲಿ ಸೇರಿದ ಇರುವೆ ಹಲ್ಲಿಗಳು, ಇವನ್ನೆಲ್ಲ ವರ್ಷಕ್ಕೆರಡು ಬಾರಿ ನೋಡಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ಮದುವೆ ಮುಗಿದೊಡನೆ ಉಳಿತಾಯದ ದೃಷ್ಟಿಯಿಂದ ಮೇನ್ ಸ್ವಿಚ್ಚನ್ನೇ ಆರಿಸುವ ಪದ್ಧತಿ ಅನೇಕ ಕಡೆ ಇದೆ. ದೊಡ್ಡ ಕಂಪ್ರೆಸರುಗಳ ತಳದಲ್ಲಿ ಎಣ್ಣೆಯನ್ನು ಬೆಚ್ಚಗಿಡುವ ಪುಟ್ಟ ಹೀಟರ್ ಇರುತ್ತದೆ. ಅದು ಆರಿದರೆ ಶೀತಕವು ಎಣ್ಣೆಯಲ್ಲಿ ಬೆರೆತು ಕೂರುತ್ತದೆ. ಮರುದಿನ ಫಕ್ಕನೆ ಹಚ್ಚಿದಾಗ ಎಣ್ಣೆ ನೊರೆಯಾಗಿ ಹೊರಟುಹೋಗಿ, ಭಾಗಗಳು ಒಣಗಿ ಸವೆಯುತ್ತವೆ. ಆದಕಾರಣ ಸಮಾರಂಭಕ್ಕೆ ಹಿಂದಿನ ದಿನವೇ, ಅಂದರೆ ಸುಮಾರು 24 ಗಂಟೆ ಮೊದಲು, ಮೇನ್ ಸ್ವಿಚ್ ಹಾಕಿರಬೇಕು. ಹೀಟರಿನ ವಿದ್ಯುತ್ತು ಕೆಲವು ರೂಪಾಯಿಗಳದು. ಕಂಪ್ರೆಸರಿನ ಬೆಲೆ ಹಾಗಲ್ಲ.

ಕೆಟ್ಟಾಗ ನೋಡಬೇಕಾದ್ದು

ಯಂತ್ರ ಹೊರಳುವುದೇ ಇಲ್ಲವೆಂದಾದರೆ ಮೊದಲು ಮೂರು ಫೇಸುಗಳೂ ಬರುತ್ತಿವೆಯೇ, ಥರ್ಮೋಸ್ಟಾಟ್ ಸರಿಯಾದ ಅಂಕಿಯಲ್ಲಿದೆಯೇ ಎಂದು ನೋಡಬೇಕು. ಒಂದು ಫೇಸು ಇಲ್ಲದಿದ್ದರೆ ಮೋಟಾರು ಸುಡುತ್ತದೆ. ಫೇಸುಗಳ ಒತ್ತಡದಲ್ಲಿ ಅಸಮತೋಲವಿದ್ದರೂ ಅಪಾಯವೇ. ಸರಾಸರಿಗಿಂತ ಶೇಕಡಾ 3.5ರಷ್ಟು ವ್ಯತ್ಯಾಸವಿದ್ದರೆ ಮೋಟಾರಿನ ಸುರುಳಿಯ ಉಷ್ಣತೆಯ ಏರಿಕೆ ಸುಮಾರು ಶೇಕಡಾ 25ರಷ್ಟು ಹೆಚ್ಚುತ್ತದೆ. ಇದನ್ನು ಶೇಕಡಾ 2ರೊಳಗೆ ಇಡುವುದು ಕ್ಷೇಮ.

ಕರೆಂಟು ಹೋಗಿ ಜನರೇಟರ್ ಹಚ್ಚಿದ ಮೇಲೆ ಕಂಪ್ರೆಸರ್ ಕರ್ಕಶವಾಗಿ ಸದ್ದು ಮಾಡುತ್ತ, ತಂಪು ಬಾರದಿದ್ದರೆ ಜನರೇಟರಿನ ಫೇಸುಗಳ ಕ್ರಮ ತಿರುಗಿದೆಯೆಂದು ಶಂಕಿಸಬೇಕು. ಸ್ಕ್ರಾಲ್ ಜಾತಿಯ ಕಂಪ್ರೆಸರ್ ಹಿಮ್ಮುಖವಾಗಿ ತಿರುಗಿದರೆ ಶೀತಕವನ್ನು ಒತ್ತುವುದಿಲ್ಲ. ಕೂಡಲೆ ನಿಲ್ಲಿಸಿ ಎಲೆಕ್ಟ್ರಿಶಿಯನ್ ಕೈಯಿಂದ ಎರಡು ತಂತಿಗಳನ್ನು ಅದಲುಬದಲು ಮಾಡಿಸಬೇಕು. ಫೇಸು ಕ್ರಮವನ್ನು ಕಾಯುವ ರಿಲೇ ಹಾಕಿಸಿದರೆ ಈ ಭಯವಿಲ್ಲ. ಯಂತ್ರ ಒಮ್ಮೆ ನಿಂತ ಮೇಲೆ 5 ನಿಮಿಷಗಳಾದರೂ ಬಿಟ್ಟು ಮತ್ತೆ ಹಚ್ಚಬೇಕು. ಹಲವು ಯಂತ್ರಗಳಿದ್ದರೆ ಒಂದೊಂದಾಗಿ ಹಚ್ಚಬೇಕು.

ಕಾಯಿಲ್ ಮೇಲೆ ಹಿಮ ಕಟ್ಟುವುದು ಇನ್ನೊಂದು ಸಾಮಾನ್ಯ ದೋಷ. ಹಿಮ ಕಂಡೊಡನೆ ‘ಚೆನ್ನಾಗಿ ತಂಪಾಗುತ್ತಿದೆ’ ಎಂದು ಹಿಗ್ಗುವವರಿದ್ದಾರೆ. ಅದು ಗಾಳಿ ಕಡಿಮೆಯಾದುದರ ಇಲ್ಲವೆ ಶೀತಕ ಕಡಿಮೆಯಾದುದರ ಲಕ್ಷಣ. ಫಿಲ್ಟರ್ ಕಟ್ಟಿರಬಹುದು, ಬೆಲ್ಟ್ ಜಾರುತ್ತಿರಬಹುದು. ಮಂಟಪಗಳಲ್ಲಂತೂ ಅಲಂಕಾರದವರು ಗಾಳಿ ಮರಳಿ ಹೋಗುವ ಜಾಲರಿಯ ಮುಂದೆಯೇ ಬಟ್ಟೆಯ ಪರದೆ ಕಟ್ಟಿ, ಹೂವಿನ ಗೋಡೆ ನಿಲ್ಲಿಸಿರುತ್ತಾರೆ. ಪರದೆ ಸರಿಸಿ, ಕಂಪ್ರೆಸರನ್ನು ಆರಿಸಿ, ಬ್ಲೋವರ್ ಒಂದನ್ನೇ ನಡೆಸಿದರೆ ಹಿಮ ಕರಗುತ್ತದೆ. ಚೂಪಾದ ಸಾಧನದಿಂದ ಕೆರೆಯಲೇಬಾರದು. ಗಾಳಿಯ ಹಾದಿ ಸರಿಯಿದ್ದೂ ಹಿಮ ಕಟ್ಟಿದರೆ ಮಾತ್ರ ಶೀತಕದ ಕಡೆ ಗಮನ ಕೊಡಬೇಕು.

ಯಂತ್ರ ಸ್ವಲ್ಪ ಹೊತ್ತು ನಡೆದು ಮಧ್ಯಾಹ್ನದ ಬಿಸಿಲಿನಲ್ಲಿ ತಾನಾಗಿಯೇ ನಿಲ್ಲುತ್ತಿದ್ದರೆ ಅಧಿಕ ಒತ್ತಡದ ರಕ್ಷಕ ಸ್ವಿಚ್ ಕೆಲಸ ಮಾಡಿದೆಯೆಂದು ಅರ್ಥ. ಕಂಡೆನ್ಸರ್ ಕೊಳೆ, ಅದರ ಫ್ಯಾನಿನ ಕೆಪಾಸಿಟರ್ ಕೆಟ್ಟಿರುವುದು, ಶೀತಕ ಹೆಚ್ಚಾಗಿ ತುಂಬಿರುವುದು, ಕೊಳವೆಯೊಳಗೆ ಗಾಳಿ ಸೇರಿರುವುದು ಇದಕ್ಕೆ ಕಾರಣಗಳು. ಅವಸರಕ್ಕೆ ಆ ಸ್ವಿಚ್ಚನ್ನು ತಪ್ಪಿಸಿ ನೇರ ತಂತಿ ಕೊಡುವ ‘ಜಾಣತನ’ವನ್ನು ಯಾರಿಗೂ ಅನುಮತಿಸಕೂಡದು. ಅದು ಕಂಪ್ರೆಸರನ್ನೂ ಕೊಲ್ಲುತ್ತದೆ, ಕೆಲವೊಮ್ಮೆ ಮನುಷ್ಯರನ್ನೂ.

ಗ್ಯಾಸಿನ ಮಾತು

ಶೀತಕವು ಖರ್ಚಾಗುವ ವಸ್ತುವಲ್ಲವೆಂದು ಮೇಲೆ ಹೇಳಿದೆ. ಆದುದರಿಂದ ಅದು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯಿದೆ ಎಂದೇ ತಾತ್ಪರ್ಯ. ತೂತು ಮುಚ್ಚದೆ ಕೊಡಕ್ಕೆ ನೀರು ತುಂಬಿದಂತೆ, ಸೋರಿಕೆ ಹುಡುಕದೆ ಗ್ಯಾಸು ತುಂಬಿಸುವುದು ವ್ಯರ್ಥ. ಕೊಳವೆಯ ಬೆಸುಗೆಗಳಲ್ಲಿ ಎಣ್ಣೆಯ ಕಲೆ ಕಂಡರೆ ಅದೇ ಮೊದಲ ಸುಳಿವು. ಸಾಬೂನಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರಿಕೆ ಮುಚ್ಚಿದ ಮೇಲೆ ಒಣ ನೈಟ್ರೋಜನ್‌ನಿಂದ ಒತ್ತಡ ಪರೀಕ್ಷೆ ಮಾಡಿ, ಫಿಲ್ಟರ್ ಡ್ರೈಯರ್ ಬದಲಿಸಿ, ವ್ಯಾಕ್ಯೂಮ್ ಪಂಪಿನಿಂದ 500 ಮೈಕ್ರಾನ್ ಮಟ್ಟದವರೆಗೆ ಗಾಳಿ ತೇವಗಳನ್ನು ಹೊರಸೆಳೆದು, ತಯಾರಕರು ಯಂತ್ರದ ಫಲಕದಲ್ಲಿ ನಮೂದಿಸಿರುವಷ್ಟನ್ನು (ಉದ್ದನೆಯ ಕೊಳವೆಗೆ ಅವರು ಹೇಳಿದ ಹೆಚ್ಚುವರಿಯೊಡನೆ) ತಕ್ಕಡಿಯಲ್ಲಿ ತೂಗಿ ತುಂಬಬೇಕು. ಕೈಯಿಂದ ಕೊಳವೆ ಮುಟ್ಟಿ ‘ಸಾಕು’ ಎನ್ನುವುದು ಕ್ರಮವಲ್ಲ.

ಇಲ್ಲಿಯೇ ಪ್ರಾಣಾಪಾಯದ ಮಾತೊಂದನ್ನು ಒತ್ತಿ ಹೇಳಬೇಕಾಗಿದೆ. ನೈಟ್ರೋಜನ್ ದೊರೆಯದಾಗ ಬೆಸುಗೆಗೆ ತಂದ ಆಕ್ಸಿಜನ್ ಸಿಲಿಂಡರಿನಿಂದಲೇ ಒತ್ತಡ ಪರೀಕ್ಷೆ ಮಾಡುವ ದುಸ್ಸಾಹಸ ನಡೆಯುವುದುಂಟು. ಒತ್ತಡದ ಆಕ್ಸಿಜನ್ ಕಂಪ್ರೆಸರಿನ ಎಣ್ಣೆಯನ್ನು ಸೇರಿದರೆ ಬಾಂಬಿನಂತೆ ಸಿಡಿಯುತ್ತದೆ. ಕೆಲಸಕ್ಕೆ ಬಂದ ಹುಡುಗ ಯಾರದೋ ಮನೆಯ ಮಗ. ಅವನು ತಂದ ಸಿಲಿಂಡರ್ ಯಾವುದೆಂದು ಕೇಳುವುದು, ರೆಗ್ಯುಲೇಟರ್ ಇದೆಯೇ ಎಂದು ನೋಡುವುದು, ಮೇನ್ ಸ್ವಿಚ್ ಆರಿಸಿ ಅದರ ಕೀಲಿಯನ್ನು ಅವನ ಕೈಗೇ ಕೊಡುವುದು, ಮಾಳಿಗೆಯ ಅಂಚಿನಲ್ಲಿ ಕೆಲಸವಿದ್ದರೆ ಸುರಕ್ಷಾ ಪಟ್ಟಿ ಕಟ್ಟಿಸುವುದು, ಇವು ಮಾಲೀಕರ ಕರ್ತವ್ಯಗಳು. ಶೀತಕದ ಆವಿ ಗಾಳಿಗಿಂತ ಭಾರ. ಮುಚ್ಚಿದ ನೆಲಮಾಳಿಗೆಯಲ್ಲಿ ಸೋರಿದರೆ ಉಸಿರಾಟದ ಗಾಳಿಯನ್ನೇ ಹೊರದೂಡುತ್ತದೆ. ಬೆಂಕಿಯ ಸಂಪರ್ಕದಲ್ಲಿ ವಿಷಾನಿಲವಾಗುತ್ತದೆ.

ಹಳೆಯ ಯಂತ್ರಗಳಲ್ಲಿರುವ ಆರ್-22 ಶೀತಕವು ಓಝೋನ್ ಪದರಕ್ಕೆ ಹಾನಿಕರ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಇದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಲಾಗುತ್ತಿದೆ. ಭಾರತದಲ್ಲಿ 2025ರ ಆರಂಭದಿಂದ ಹೊಸ ಯಂತ್ರಗಳ ತಯಾರಿಕೆಯಲ್ಲಿ ಈ ವರ್ಗದ ಶೀತಕಗಳಿಗೆ ಅವಕಾಶವಿಲ್ಲ. 2030ರ ನಂತರ ಹಳೆಯ ಯಂತ್ರಗಳ ದುರಸ್ತಿಗೂ ಅತ್ಯಲ್ಪವೇ ದೊರೆಯಲಿದೆ. ಆದ್ದರಿಂದ ಆರ್-22ರ ಹಳೆಯ ಯಂತ್ರಕ್ಕೆ ದೊಡ್ಡ ಖರ್ಚು ಬಂದಾಗ ದುರಸ್ತಿಯೋ ಹೊಸದೋ ಎಂದು ಯೋಚಿಸುವುದು ವಿವೇಕ. ಅದರೊಳಗೆ ಬೇರೆ ಶೀತಕವನ್ನು ಹಾಗೆಯೇ ತುಂಬಿಸಲಾಗದು. ಆರ್-410ಎ ಶೀತಕದ ಒತ್ತಡ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಆರ್-32 ಮಂದವಾಗಿಯಾದರೂ ಉರಿಯುವಂತಹುದು.

ನೀರಿನ ಕೂಲಿಂಗ್ ಟವರ್ ಇರುವ ದೊಡ್ಡ ಕಟ್ಟಡಗಳವರು ಇನ್ನೊಂದನ್ನು ಅರಿತಿರಬೇಕು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ ನಡೆದ ಮಾಜಿ ಸೈನಿಕರ ಸಮ್ಮೇಳನದ ನಂತರ ಅಪರಿಚಿತ ನ್ಯುಮೋನಿಯಾದಿಂದ ಸುಮಾರು 30 ಮಂದಿ ಮೃತಪಟ್ಟರು. ಮರುವರ್ಷ ಪತ್ತೆಯಾದ ‘ಲೀಜಿಯನೆಲ್ಲ’ ಎಂಬ ಆ ಬ್ಯಾಕ್ಟೀರಿಯಾ ಇಂತಹ ಟವರುಗಳ ಬೆಚ್ಚನೆಯ ಕೊಳೆ ನೀರಿನಲ್ಲಿ ಬೆಳೆಯುತ್ತದೆ. ನೀರನ್ನು ಕ್ರಮವಾಗಿ ಶುದ್ಧಗೊಳಿಸುವುದು ಬರಿಯ ಯಂತ್ರದ ಆರೈಕೆಯಲ್ಲ, ಜನರ ಆರೋಗ್ಯದ ರಕ್ಷಣೆ.

ಆಡಳಿತ ಮಂಡಳಿಗೆ ಕೆಲವು ಸೂಚನೆಗಳು

ಯಂತ್ರದ ಪಕ್ಕದಲ್ಲಿ ಒಂದು ದಫ್ತರ ಇಡಿರಿ. ಪ್ರತಿ ಸಮಾರಂಭದಲ್ಲೂ ಮರಳಿ ಹೋಗುವ ಗಾಳಿಯ ಮತ್ತು ಹೊರಬರುವ ತಂಪು ಗಾಳಿಯ ಉಷ್ಣತೆ, ಮೂರು ಫೇಸುಗಳ ಒತ್ತಡ, ಕಂಪ್ರೆಸರಿನ ಆಂಪಿಯರ್ ಇವನ್ನು ಬರೆದಿಡಿರಿ. ಎರಡು ಉಷ್ಣತೆಗಳ ಅಂತರ ಸಾಧಾರಣವಾಗಿ 8ರಿಂದ 11 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಸ್ವಲ್ಪ ಕಡಿಮೆಯಾದೀತು. ಒಣ ಹವೆಯಲ್ಲೂ ಅಂತರ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ ಯಂತ್ರ ನಿಲ್ಲುವ ಮೊದಲೇ ನಿಮಗೆ ಮುನ್ಸೂಚನೆ ದೊರೆಯಿತು. ಗ್ಯಾಸು ತುಂಬಿದ ದಿನಾಂಕ, ತೂಕ, ಸೋರಿಕೆ ಸಿಕ್ಕ ಸ್ಥಳ ಇವೂ ದಫ್ತರದಲ್ಲಿರಲಿ. ವರ್ಷಕ್ಕೆರಡು ಬಾರಿ ಗ್ಯಾಸು ತುಂಬಿಸಿದ ಲೆಕ್ಕ ಕಂಡರೆ ಗುತ್ತಿಗೆದಾರನನ್ನು ಪ್ರಶ್ನಿಸಲು ಬೇರೆ ಸಾಕ್ಷಿ ಬೇಡ.

ವಾರ್ಷಿಕ ನಿರ್ವಹಣೆಯ ಕರಾರು ಮಾಡುವಾಗ ಎಷ್ಟು ಭೇಟಿ, ಪ್ರತಿ ಭೇಟಿಯಲ್ಲಿ ಏನೇನು ಕೆಲಸ, ಬಿಡಿಭಾಗಗಳು ಸೇರಿವೆಯೋ ಇಲ್ಲವೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಒಂದು ಭೇಟಿ ಫಾಲ್ಗುಣದಲ್ಲಿ, ಲಗ್ನಗಳು ಆರಂಭವಾಗುವ ಮೊದಲೇ ಆಗಲಿ. ಅತ್ಯಂತ ಕಡಿಮೆ ದರ ಹೇಳಿದವನೇ ಉತ್ತಮನಲ್ಲ. ವ್ಯಾಕ್ಯೂಮ್ ಪಂಪು, ತಕ್ಕಡಿ, ನೈಟ್ರೋಜನ್ ಮೂರೂ ಉಳ್ಳವನನ್ನು ಆರಿಸಿರಿ. ಥರ್ಮೋಸ್ಟಾಟನ್ನು 24 ಡಿಗ್ರಿಯಲ್ಲಿಡಿರಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ತಿಳಿಸಿದೆ.

ಸಾರ್ವಜನಿಕರ ದೇಣಿಗೆಯಿಂದ ಕೊಂಡ ಯಂತ್ರ ಸಾರ್ವಜನಿಕರ ಸ್ವತ್ತು. ಅದನ್ನು ಮನೆಯ ಎತ್ತಿನಂತೆ ನೋಡಿಕೊಂಡರೆ ಹದಿನೈದು ವರ್ಷ ದುಡಿದೀತು. ಬಾಡಿಗೆ ಎತ್ತಿನಂತೆ ಕಂಡರೆ ಐದೇ ವರ್ಷಕ್ಕೆ ಮಲಗೀತು. ಈ ಲೇಖನವನ್ನು ಓದಿದ ಮಹನೀಯರು ತಮ್ಮೂರಿನ ಮಂಟಪದ ಮಾಳಿಗೆಯನ್ನು ಒಮ್ಮೆ ಹತ್ತಿ ನೋಡಿ, ಆ ದಫ್ತರದ ಮೊದಲ ಪುಟವನ್ನು ಈ ವಾರವೇ ಬರೆಯಿಸಲೆಂದು ಆಶಿಸುತ್ತೇನೆ.