ಬಚ್ಚಲ ತೂಬು ಮತ್ತು ಅರ್ಧ ದಿನದ ಕೆಲಸ



ಕೆಳಮನೆಯನ್ನು ಬಾಡಿಗೆಗೆ ಕೊಟ್ಟು ನಾವಿಬ್ಬರೂ ಮಹಡಿಯಲ್ಲಿ ವಾಸವಾಗಿರುವುದು ನಿಮಗೆ ಗೊತ್ತು. ಹೊರದೇಶದಲ್ಲಿರುವ ಮಗ ಕಳೆದ ತಿಂಗಳು ನಮ್ಮ ಬಚ್ಚಲುಮನೆಗೆ ಬಾತ್‌ಟಬ್ ಕೂಡಿಸಬೇಕೆಂದು ಹಣ ಕಳುಹಿಸಿದ. ಸೊಂಟನೋವಿನ ತಾಯಿ ಬಿಸಿನೀರಿನಲ್ಲಿ ಕಾಲು ಚಾಚಿ ಕುಳಿತುಕೊಳ್ಳಲೆಂಬುದು ಅವನ ಆಸೆ. ಆದರೆ ಟಬ್ಬಿನ ತೂಬು ಬರುವುದು ಒಂದು ಮೂಲೆಗೆ, ನಮ್ಮ ನೆಲದ ತೂಬು ಇರುವುದು ಆರು ಅಡಿ ಆಚೆ, ಎದುರು ಮೂಲೆಯಲ್ಲಿ. "ಅರ್ಧ ದಿನದ ಕೆಲಸ ಸಾರ್, ಸ್ಲ್ಯಾಬ್ ಕೊರೆದು ಪೈಪು ತಿರುಗಿಸಿಬಿಡುತ್ತೇವೆ" ಎಂದರು ಕೆಲಸದವರು.

ಏಕೋ ಮನಸ್ಸು ಒಪ್ಪದೆ, ಇಂಜಿನಿಯರ್ ಆಗಿರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. "ನಾನು ಬರುವವರೆಗೆ ಯಂತ್ರ ಮುಟ್ಟಿಸಬೇಡಿ ಮೇಷ್ಟ್ರೇ" ಎಂದ. ಬಂದವನು, ಗಣಿತ ಕಲಿಸಿದ ನನಗೇ ಲೆಕ್ಕ ಹೇಳಿಕೊಟ್ಟ. ಪೈಪಿನ ದಪ್ಪ ಮೂರು ಅಂಗುಲ. ನೀರು ಸರಾಗವಾಗಿ ಹರಿಯಲು ನಲವತ್ತಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ ಆರು ಅಡಿಗೆ ಸುಮಾರು ಎರಡು ಅಂಗುಲ. ಒಟ್ಟು ಐದು. ನಮ್ಮ ಸ್ಲ್ಯಾಬಿನ ದಪ್ಪವೂ ಐದೇ ಅಂಗುಲ!

ನೆಲಮಹಡಿಯ ಕಾಂಕ್ರೀಟು ಮಣ್ಣಿನ ಮೇಲೆ ಮಲಗಿರುತ್ತದೆ. ಅದನ್ನು ಅಗೆದು ಪೈಪು ಹೂಳಿ ಮುಚ್ಚಬಹುದು. ಮೇಲಿನ ಸ್ಲ್ಯಾಬ್ ಹಾಗಲ್ಲ. ಗೋಡೆ, ತೊಲೆಗಳ ನಡುವೆ ಅದನ್ನು ಬಾಗದಂತೆ ಹಿಡಿದಿಟ್ಟಿರುವುದು ಒಳಗಿನ ಕಬ್ಬಿಣದ ಕಂಬಿ. ಆ ಕಂಬಿಯನ್ನು ತುಂಡರಿಸಿದ ಮೇಲೆ ಎಷ್ಟು ಸಿಮೆಂಟು ಮೆತ್ತಿದರೂ ಹೋದ ಬಲ ಮರಳದು. ಅದರ ಮೇಲೆ ಇನ್ನೂರು ಲೀಟರ್ ನೀರೆಂದರೆ ಇನ್ನೂರು ಕಿಲೋ ಭಾರ. ಕೆಳಗೆ ಬಾಡಿಗೆಯವರ ಮಕ್ಕಳು.

ಅವನು ಎರಡು ಮಾರ್ಗ ಸೂಚಿಸಿದ. ಕಂಬಿಗಳನ್ನು ತಪ್ಪಿಸಿ ಒಂದೇ ರಂಧ್ರ ಕೊರೆದು ಪೈಪನ್ನು ಕೆಳಮನೆಯ ಚಾವಣಿಗೆ ತೂಗುಹಾಕುವುದು ಒಂದು. ಮುಂದೆ ಸೋರಿದರೆ ಅವರ ತಲೆಯ ಮೇಲೆ. ಸ್ಲ್ಯಾಬಿನ ಮೇಲೆಯೇ ಪೈಪು ಹಾಯಿಸಿ, ಟಬ್ಬನ್ನು ಕಟ್ಟೆಯ ಮೇಲೆ ಕೂಡಿಸುವುದು ಇನ್ನೊಂದು. ಆಗ ಸೊಂಟನೋವಿನವಳು ಆ ಎತ್ತರವನ್ನು ದಾಟಿ ಒಳಗಿಳಿಯಬೇಕು. ಯಾರ ಸುಖಕ್ಕಾಗಿ ಟಬ್ಬೋ ಅವರಿಗೇ ಅದು ಅಪಾಯ.

ತಪ್ಪು ನನ್ನದೇ. ಈ ಮನೆ ಕಟ್ಟಿಸುವಾಗ ಬಾಗಿಲು ಯಾವ ದಿಕ್ಕಿಗಿರಬೇಕೆಂದು ನಾಲ್ವರನ್ನು ಕೇಳಿದ್ದೆ. ನೀರು ಯಾವ ದಿಕ್ಕಿಗೆ ಹೋಗಬೇಕೆಂದು ಒಬ್ಬರನ್ನೂ ಕೇಳಿರಲಿಲ್ಲ. ಸ್ಲ್ಯಾಬ್ ಹಾಕಿದ ದಿನ ಪರೀಕ್ಷೆಯ ಕೆಲಸವೆಂದು ಶಾಲೆಯಲ್ಲಿದ್ದೆ. ನಮ್ಮ ಹಿರಿಯರು ಗರ್ಭಗುಡಿ ಕಟ್ಟುವಾಗಲೇ ಅಭಿಷೇಕದ ನೀರು ಹೊರಹೋಗುವ ದಾರಿಯನ್ನು ಗೊತ್ತುಮಾಡಿ, ಅದಕ್ಕೆ ಸೋಮಸೂತ್ರವೆಂಬ ಹೆಸರನ್ನೂ ಕೊಟ್ಟಿದ್ದರು. ಹಳೆಯ ಮನೆಗಳಲ್ಲಿಯೂ ಹಂಡೆಯ ಬಚ್ಚಲಿನ ನೀರು ಹಿತ್ತಲಿನ ಬಾಳೆಗಿಡಕ್ಕೆ ತಪ್ಪದೆ ತಲುಪುತ್ತಿತ್ತು. ತುಂಗಭದ್ರೆಯ ದಡದಲ್ಲಿ ಬಾಳಿದ ನಾನು ನೀರಿನ ದಾರಿಯನ್ನು ಮರೆತೆ.

ಆದ್ದರಿಂದ ಮನೆ ಕಟ್ಟುವ ನಿಮಗೆ ನನ್ನ ಮಾತು ಇಷ್ಟು: ಕಾಂಕ್ರೀಟು ಬೀಳುವ ಮೊದಲೇ ಬಚ್ಚಲಿನ ತೂಬುಗಳನ್ನು ನಕ್ಷೆಯಲ್ಲಿ ಗುರುತಿಸಿ. ಮಹಡಿಯ ಬಚ್ಚಲಿನ ಸ್ಲ್ಯಾಬನ್ನು ಒಂದು ಅಡಿ ತಗ್ಗಿಸಿ ಹಾಕಿಸಿ. ಪೈಪುಗಳು ಆ ತಗ್ಗಿನಲ್ಲಿ ಕುಳಿತುಕೊಳ್ಳುತ್ತವೆ. ಬಿಲ್ಲೆ ಹಾಸುವ ಮೊದಲು ಎರಡು ದಿನ ನೀರು ನಿಲ್ಲಿಸಿ ಸೋರುವಿಕೆಯನ್ನು ಪರೀಕ್ಷಿಸಿ. ಕಟ್ಟಿಯಾದ ಮೇಲೆ "ಅರ್ಧ ದಿನದ ಕೆಲಸ" ಎನ್ನುವವರ ಮಾತಿಗೆ ಮರುಳಾಗಬೇಡಿ.

ಟಬ್ಬು ಬೇಡವೆಂದು ತಿಳಿಸಿದಾಗ ಮಗ ಎರಡು ದಿನ ಮಾತಾಡಲಿಲ್ಲ. ಅದೇ ಹಣದಲ್ಲಿ ಜಾರದ ಬಿಲ್ಲೆ, ಕುಳಿತು ಮೀಯಲು ಗಟ್ಟಿ ಮಣೆ, ಗೋಡೆಗೆ ಹಿಡಿಕೆ ಹಾಕಿಸುತ್ತೇನೆಂದೆ. ಮೂರನೆಯ ದಿನ ಫೋನು ಬಂತು: "ಹಿಡಿಕೆ ಎಷ್ಟು ಎತ್ತರಕ್ಕೆ ಬೇಕೆಂದು ಅಮ್ಮನನ್ನು ಕೇಳಿದಿರಾ ಅಪ್ಪಾ?"

ಕೇಳಿರಲಿಲ್ಲ. ಫೋನು ಕೆಳಗಿಟ್ಟು, ಅಳತೆಪಟ್ಟಿ ಹಿಡಿದು ಅಡುಗೆಮನೆಗೆ ಹೋದೆ.