ಬೆರಳಚ್ಚಿಗೂ ಬೀಗ ಹಾಕಿಸಿ



ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಅನೇಕ ತಾಯಂದಿರು ಗೃಹಲಕ್ಷ್ಮಿ, ಪಿಂಚಣಿ ಹಣವನ್ನು ಹೆಬ್ಬೆಟ್ಟು ಒತ್ತಿಯೇ ಪಡೆಯುತ್ತಾರೆ. ಈ ಆಧಾರ್ ಪಾವತಿಗೆ ಪಿನ್ ಬೇಡ, ಒಟಿಪಿಯೂ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. 2023ರಲ್ಲಿ ಕಾವೇರಿ 2.0 ತಂತ್ರಾಂಶದ ಆಸ್ತಿ ನೋಂದಣಿ ಪತ್ರಗಳಿಂದ ಬೆರಳಚ್ಚು ಕದ್ದು ಜನರ ಖಾತೆಗಳಿಂದ ಹಣ ಎಗರಿಸಿದ ಜಾಲವನ್ನು ಬೆಂಗಳೂರು ಪೊಲೀಸರು ಪತ್ತೆಹಚ್ಚಿದ್ದರು. ಹೊಲ, ಮನೆ ನೋಂದಣಿ ಮಾಡಿಸಿದ ನಮ್ಮ ಭಾಗದ ರೈತರ ಬೆರಳಚ್ಚೂ ಇಂಥ ಪತ್ರಗಳಲ್ಲೇ ಇದೆ. ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನು ಬದಲಿಸಲಾದೀತೇ?

ಬೆರಳಚ್ಚಿಗೆ ಬೀಗ ಹಾಕಲು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವಿದೆ. ಹಣ ಪಡೆಯುವಾಗ ಮಾತ್ರ ಅದನ್ನು ತೆರೆಯಬಹುದು. ಆದರೆ ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಸ್ವಂತ ಫೋನೇ ಇಲ್ಲದ ವೃದ್ಧೆಯರಿಗೆ ಇದೇ ದೊಡ್ಡ ತೊಡಕು. ಹಣ ಕಳೆದುಕೊಂಡರೆ ದೂರು ನೀಡಲು ವಿಜಯಪುರದ ಸೈಬರ್ ಠಾಣೆಯವರೆಗೆ ಅಲೆಯುವುದೂ ಅವರಿಗೆ ಸುಲಭವಲ್ಲ.

ಆದ್ದರಿಂದ ಜಿಲ್ಲಾಡಳಿತವು ಬ್ಯಾಂಕುಗಳೊಡನೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಶಿಬಿರ ನಡೆಸಿ ಮೊಬೈಲ್ ಜೋಡಣೆ, ಲಾಕ್ ಎರಡನ್ನೂ ಮಾಡಿಸಿಕೊಡಬೇಕು. ತಾಲ್ಲೂಕು ಠಾಣೆಗಳಲ್ಲೇ ಇಂಥ ದೂರು ಸ್ವೀಕರಿಸಬೇಕು. ಹಣ ಹೋದದ್ದು ತಿಳಿದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಬೇಕೆಂದು ಓದುಗರಲ್ಲಿ ನನ್ನ ವಿನಂತಿ.

– ಓರ್ವ ಓದುಗ, ಮುದ್ದೇಬಿಹಾಳ