ಎಂಟನ್ನು ಆರು ಮಾಡಿದ ಟಿವಿ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಲೆಕ್ಕ ಒಪ್ಪಿಸುತ್ತೇನೆ. ದೊಡ್ಡವರೂ ಪಕ್ಕದಲ್ಲಿ ಕೂತು ಓದಲಿ. ಅಂಗಡಿಯಲ್ಲಿ ದುಡ್ಡು ಎಣಿಸಿ ಕೊಡುವವರು ಅವರೇ ತಾನೆ!

ಎಕಂಬಾದ ನಮ್ಮ ಮನೆಯಲ್ಲಿ ಮೊಮ್ಮಗಳು ಹತ್ತನೇ ತರಗತಿ ಓದುತ್ತಿದ್ದಾಳೆ. ಸಂಜೆಯಾದರೆ ಅವಳಪ್ಪನ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿಕೊಂಡು, ವಿಜ್ಞಾನದ ಪಾಠ ನೋಡುತ್ತ ನೋಟ್ಸ್ ಬರೆಯುತ್ತಾಳೆ. ಒಂದು ದಿನ ಶಾಲೆಯ ಕಿರುಪರೀಕ್ಷೆಯ ಉತ್ತರಪತ್ರಿಕೆ ತಂದು ತೋರಿಸಿದಳು. ಬೆಳಕಿನ ವೇಗ ಸೆಕೆಂಡಿಗೆ 3×10⁶ ಮೀಟರ್ ಎಂದು ಬರೆದು ಅಂಕ ಕಳೆದುಕೊಂಡಿದ್ದಳು. ಇರಬೇಕಾದದ್ದು 3×10⁸. ನೋಟ್ಸಿನಲ್ಲೂ ಅದೇ ತಪ್ಪು.

ನನಗೆ ಸಿಟ್ಟು ಬಂತು. "ಎರಡು ಸೊನ್ನಿ ನುಂಗೀದಿ! ಬ್ಯಾಂಕಿನ್ಯಾಗ ನಾ ಹಿಂಗ ಮಾಡಿದ್ದರ ಅವತ್ತೇ ಮನಿಗೆ ಕಳಸ್ತಿದ್ದರು" ಎಂದು ಬೈದೆ.

"ಮುತ್ಯಾ, ಟಿವಿಯಾಗ ಹಂಗೇ ಕಾಣ್ತಿತ್ತು" ಎಂದು ಕಣ್ಣೀರು ಹಾಕಿದಳು. ನೆಪ ಹೇಳುತ್ತಾಳೆ ಎಂದುಕೊಂಡೆ. ಒಳಗಿನಿಂದ ನನ್ನಾಕೆಯ ಧ್ವನಿ ಬಂತು: "ಹುಡುಗಿ ಸುಳ್ಳು ಹೇಳಂಗಿಲ್ಲ. ನೀವೇ ಒಮ್ಮಿ ಎದ್ದು ನೋಡ್ರಿ."

ಎದ್ದು ನೋಡಿದೆ. ಲ್ಯಾಪ್‌ಟಾಪಿನಲ್ಲಿ 10ರ ತಲೆಯ ಮೇಲೆ ಪುಟ್ಟ 8 ಸ್ಪಷ್ಟವಾಗಿತ್ತು. ಟಿವಿಯಲ್ಲಿ ಅದು ಮಸಿ ಚೆಲ್ಲಿದ ಹಾಗೆ. ಆರು ಎಂದರೆ ಆರು, ಎಂಟು ಎಂದರೆ ಎಂಟು. ಕನ್ನಡದ ಒತ್ತಕ್ಷರಗಳ ಗತಿಯೂ ಅಷ್ಟೇ. ಆ ಟಿವಿ ಆರಿಸಿ ತಂದವನು ನಾನು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ "1080 ಸಪೋರ್ಟ್" ಎಂದು ಬರೆದಿತ್ತು. ಅಂಗಡಿಯವನೂ ಬೆರಳಿಟ್ಟು ತೋರಿಸಿದ್ದ. ಕೆಳಗಿದ್ದ ಸಣ್ಣಕ್ಷರವನ್ನು ನಾನು ಓದಿರಲಿಲ್ಲ. ಕೌಂಟರಿನಲ್ಲಿ ಕೂತು "ಓದಿ ಸಹಿ ಮಾಡ್ರೀ" ಎಂದು ಮಂದಿಗೆ ಬುದ್ಧಿ ಹೇಳಿದವನು! ಆ ಸಣ್ಣಕ್ಷರದಲ್ಲಿ ಇದ್ದದ್ದು 1366×768.

ಇದೇನು ಲೆಕ್ಕ? ಚುಕ್ಕಿ ರಂಗೋಲಿ ನೆನೆಸಿಕೊಳ್ಳಿ. ಅಂಗಳ ಅಷ್ಟೇ ಇದ್ದು ಚುಕ್ಕಿ ಹೆಚ್ಚಾದರೆ ಎಳೆ ನವಿರಾಗುತ್ತದೆ. ಟಿವಿ ಪರದೆಯೂ ಚುಕ್ಕಿಗಳ ಅಂಗಳ. ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ, ಅಡ್ಡ ಎಷ್ಟು, ಉದ್ದ ಎಷ್ಟು ಎಂಬ ಲೆಕ್ಕಕ್ಕೆ ರೆಸಲ್ಯೂಶನ್ ಎನ್ನುತ್ತಾರೆ. ನೀವೇ ಗುಣಿಸಿ ನೋಡಿ. "ಎಚ್‌ಡಿ ರೆಡಿ" ಎಂದು ಮಾರುವ ಟಿವಿಗಳಲ್ಲಿ ಸಾಮಾನ್ಯವಾಗಿ 1366×768, ಅಂದರೆ 10,49,088 ಚುಕ್ಕಿ. "ಫುಲ್ ಎಚ್‌ಡಿ" 1920×1080, ಅಂದರೆ 20,73,600. "4ಕೆ" 3840×2160, ಅಂದರೆ 82,94,400. ಫುಲ್ ಎಚ್‌ಡಿಗೆ ಸರಿಯಾಗಿ ನಾಲ್ಕು ಪಟ್ಟು.

ನಾನು ಎಡವಿದ್ದು "ಸಪೋರ್ಟ್" ಎಂಬ ಮಾತಿನಲ್ಲಿ. ಅದರರ್ಥ, ಆ ಚಿತ್ರ ಬಂದರೆ ಟಿವಿ ಬಾಗಿಲು ಹಾಕುವುದಿಲ್ಲ, ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ. ತೋರಿಸುವುದು ಮಾತ್ರ ತನ್ನಲ್ಲಿರುವಷ್ಟೇ ಚುಕ್ಕಿಯಲ್ಲಿ. ಬ್ಯಾಂಕಿನಲ್ಲಿ ಬಡ್ಡಿ ಹಾಕುವಾಗ ಪೈಸೆ ಬರುತ್ತಿತ್ತು. 50 ಪೈಸೆ ಅಥವಾ ಮೇಲಿದ್ದರೆ ಮುಂದಿನ ರೂಪಾಯಿಗೆ ಏರಿಸುತ್ತಿದ್ದೆವು, ಕಡಿಮೆಯಿದ್ದರೆ ಬಿಡುತ್ತಿದ್ದೆವು. ನಮ್ಮ ಟಿವಿಯೂ ಅದನ್ನೇ ಮಾಡುತ್ತಿತ್ತು. 1920 ಚುಕ್ಕಿಯ ಸಾಲನ್ನು 1366ರಲ್ಲಿ ತುಂಬಬೇಕೆಂದರೆ, ಹೆಚ್ಚುಕಡಿಮೆ 7 ಚುಕ್ಕಿಯ ಬಣ್ಣವನ್ನು 5 ಚುಕ್ಕಿಗೆ ಹಂಚಬೇಕು. ದೊಡ್ಡ ಮುಖ, ಬೆಟ್ಟ, ಮೋಡಕ್ಕೆ ಇದರಿಂದ ನಷ್ಟವಿಲ್ಲ. 10ರ ತಲೆಯ ಮೇಲಿನ ಪುಟ್ಟ 8ರ ನಡು ಮಾತ್ರ ತುಂಬಿಹೋಗುತ್ತದೆ.

ತಿರುಗಾಮುರುಗಾ ಲೆಕ್ಕವೂ ಉಂಟು. ಕಡಿಮೆ ಚುಕ್ಕಿಯ ಚಿತ್ರ 4ಕೆ ಟಿವಿಗೆ ಬಂದರೆ, ನಡುವಿನ ಚುಕ್ಕಿಗಳನ್ನು ಟಿವಿಯೇ ಅಂದಾಜಿನಲ್ಲಿ ತುಂಬುತ್ತದೆ. 5 ರೂಪಾಯಿಯನ್ನು 5.0000 ಎಂದು ಬರೆದ ಹಾಗೆ. ಕಾಗದ ತುಂಬಿತು, ಹಣ ಹೆಚ್ಚಲಿಲ್ಲ.

ನನ್ನ ಹರೆಯದಲ್ಲಿ ಈ ತಾಪತ್ರಯ ಇರಲಿಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ "ಸೈಟ್" ಎಂಬ ಪ್ರಯೋಗ ನಡೆಯಿತು. ಅಮೆರಿಕದ ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿತು. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದು ಕಪ್ಪು-ಬಿಳುಪು ಟಿವಿ, ಮುಂದೆ ಊರೆಲ್ಲ. ಬಣ್ಣದ ಪ್ರಸಾರ ಶುರುವಾದದ್ದು 1982ರಲ್ಲಿ. ಆಗಲೂ ಚಿತ್ರಕ್ಕೆ ಒಂದೇ ಅಳತೆ: 625 ಗೆರೆ, ಅದರಲ್ಲಿ ಚಿತ್ರಕ್ಕೆ 576. ಯಾವ ಟಿವಿ ತಂದರೂ ಗೆರೆ ಅಷ್ಟೇ. ಈಗ "ಎಸ್‌ಡಿ" ಎಂದು ಕರೆಯುವ ಚಾನೆಲ್ಲುಗಳದು ಹೆಚ್ಚೆಂದರೆ 720×576, ಅಂದರೆ 4,14,720 ಚುಕ್ಕಿ. 4ಕೆ ಪರದೆಯ ಇಪ್ಪತ್ತರಲ್ಲಿ ಒಂದು ಪಾಲು!

ಆದ್ದರಿಂದ ಟಿವಿ ಕೊಳ್ಳುವ ಮೊದಲು ಮನೆಗೆ ಏನು ಬರುತ್ತದೆ ಎಂದು ನೋಡಬೇಕು. ಡಿಡಿ ಫ್ರೀ ಡಿಶ್‌ನ ಹೆಚ್ಚಿನ ಚಾನೆಲ್ಲುಗಳು ಎಸ್‌ಡಿ. ಖಾಸಗಿ ಡಿಶ್‌ನವರಲ್ಲಿ ಎಚ್‌ಡಿ ಬೇಕೆಂದರೆ ಎಚ್‌ಡಿ ಬಾಕ್ಸೂ ಬೇಕು, ಎಚ್‌ಡಿ ಚಾನೆಲ್ಲಿಗೆ ದುಡ್ಡೂ ಕಟ್ಟಬೇಕು. ಬಾಕ್ಸಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಬೇಕು. ಹಳದಿ, ಕೆಂಪು, ಬಿಳಿ ತುದಿಯ ಹಳೆಯ ವೈರ್ ಹಾಕಿದರೆ ಎಚ್‌ಡಿ ಚಾನೆಲ್ಲೂ ಎಸ್‌ಡಿಯಾಗಿಯೇ ಇಳಿಯುತ್ತದೆ. ಇಂಟರ್‌ನೆಟ್ಟಿನಲ್ಲಿ ನೋಡುವವರಿಗೆ ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕ ಹೀಗಿದೆ: ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15.

"1080ಐ", "1080ಪಿ" ಎಂದೂ ಬರೆದಿರುತ್ತಾರೆ. ಐ ಎಂದರೆ ಮೊದಲು ಬೆಸ ಗೆರೆ, ಆಮೇಲೆ ಸಮ ಗೆರೆ ಹೀಗೆ ಎರಡು ಕಂತಿನಲ್ಲಿ ಬರುವ ಚಿತ್ರ. ಪಿ ಎಂದರೆ ಒಂದೇ ಕಂತು. ಚಾನೆಲ್ಲುಗಳಿಗೆ ಐ ಸಾಕು, ಲ್ಯಾಪ್‌ಟಾಪಿನ ಅಕ್ಷರಕ್ಕೆ ಪಿ ಬೇಕು.

ಕೊನೆಯದು ದೂರ. ಬೀದರಿನಿಂದ ಬಂದ ಮೊಮ್ಮಗನ ಹಟ ಒಂದೇ: "ಮುತ್ಯಾ, 55 ಇಂಚಿನ 4ಕೆ ತರೋಣ." ನಾನು ಟೇಪು ತಂದು ಅವನ ಕೈಯಲ್ಲಿ ಕೊಟ್ಟೆ. ಮಂಚದಿಂದ ಗೋಡೆಗೆ 9 ಅಡಿ. ಮನುಷ್ಯನ ಕಣ್ಣಿಗೂ ಒಂದು ಮಿತಿ ಇದೆ. ಒಂದು ಡಿಗ್ರಿ ಕೋನವನ್ನು 60 ಪಾಲು ಮಾಡಿದರೆ ಒಂದು ಪಾಲಿಗಿಂತ ಚಿಕ್ಕ ಚುಕ್ಕಿಯನ್ನು ಸಾಮಾನ್ಯ ಕಣ್ಣು ಬಿಡಿಸಿ ನೋಡಲಾರದು. ಅದರಂತೆ ಲೆಕ್ಕ ಹಾಕಿದೆವು. 32 ಇಂಚಿನ 1366×768 ಪರದೆಯ ಚುಕ್ಕಿಗಳು ಸುಮಾರು 6 ಅಡಿ ದಾಟಿದರೆ ಒಂದಾಗಿ ಕಾಣುತ್ತವೆ. 43 ಇಂಚಿನ ಫುಲ್ ಎಚ್‌ಡಿಗೆ ಈ ದೂರ ಸುಮಾರು ಐದೂವರೆ ಅಡಿ, 55 ಇಂಚಿನ ಫುಲ್ ಎಚ್‌ಡಿಗೆ 7 ಅಡಿ. ಅಂದಮೇಲೆ 9 ಅಡಿ ದೂರದ ಮಂಚದ ಮೇಲೆ ಕೂತವನಿಗೆ 55 ಇಂಚಿನಲ್ಲೂ ಫುಲ್ ಎಚ್‌ಡಿ ಯಾವುದು, 4ಕೆ ಯಾವುದು ಎಂದು ಚುಕ್ಕಿ ನೋಡಿ ಹೇಳಲಾಗದು. ಮೊಮ್ಮಗ ಎರಡು ಸಲ ಟೇಪು ಹಿಡಿದು ನೋಡಿ ಸುಮ್ಮನಾದ.

ಆಯಿಗೆ ಹಳೆಯ ಟಿವಿ ಯಾಕೆ ಚೆನ್ನಾಗಿಯೇ ಕಾಣುತ್ತಿತ್ತು ಎಂಬುದೂ ಆಗ ತಿಳಿಯಿತು. ಅವಳು ಧಾರಾವಾಹಿ ನೋಡುವುದು ಮಂಚದ ಮೇಲಿನಿಂದ. ಮೊಮ್ಮಗಳು ಓದುವುದು ಚಾಪೆಯ ಮೇಲೆ, ಟಿವಿಗೆ ಐದೇ ಅಡಿಯಲ್ಲಿ. ಒಂದೇ ಟಿವಿ, ಇಬ್ಬರಿಗೆ ಎರಡು ಲೆಕ್ಕ.

ಹೊಸದು ಕೊಳ್ಳುವ ಮೊದಲು ಇದ್ದದ್ದರಲ್ಲೇ ಎರಡು ಉಪಾಯ ಮಾಡಿದೆವು. ಲ್ಯಾಪ್‌ಟಾಪಿನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿದೆವು. ಚಿತ್ರದ ಅಂಚು ಕತ್ತರಿಸಿ ಹಿಗ್ಗಿಸುವ ಅಭ್ಯಾಸ ಕೆಲವು ಟಿವಿಗಳಿಗೆ ಇರುತ್ತದೆ, ನಮ್ಮದಕ್ಕೂ ಇತ್ತು. ಸೆಟ್ಟಿಂಗಿಗೆ ಹೋಗಿ ಅದನ್ನು ನಿಲ್ಲಿಸಿದೆವು. ತಕ್ಕಮಟ್ಟಿಗೆ ಸುಧಾರಿಸಿತು. ನಿಮ್ಮ ಮನೆಯಲ್ಲಿ ಇಷ್ಟೇ ಸಾಕಾದರೆ ದುಡ್ಡು ಉಳಿಯಿತು ಎಂದುಕೊಳ್ಳಿ. ಆದರೆ ಚಿತ್ರದಲ್ಲೇ ಬರೆದು ಬಂದ ಸಣ್ಣ ಅಂಕಿಗಳು ಮಸುಕಾಗಿಯೇ ಉಳಿದವು. ಮುಂದೆ ಇರುವುದು ಎಸ್ಸೆಸ್ಸೆಲ್ಸಿ ಪರೀಕ್ಷೆ. ಒಂದು ಠೇವಣಿಯ ಬಡ್ಡಿ ತೆಗೆದೆ. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದದ್ದೂ ಅನುಕೂಲವಾಯಿತು.

ಈ ಸಲ ಅಂಗಡಿಗೆ ಮೊಮ್ಮಗಳನ್ನೂ ಲ್ಯಾಪ್‌ಟಾಪನ್ನೂ ಕರೆದುಕೊಂಡು ಹೋದೆ. ಅಂಗಡಿಯವನು ಹಚ್ಚಿದ ನವಿಲು, ಜಲಪಾತಗಳನ್ನು ನೋಡಲಿಲ್ಲ. ಅವು ಎಲ್ಲ ಟಿವಿಯಲ್ಲೂ ಚೆಂದವೇ. ನಮ್ಮದೇ ಪಾಠದ ಪುಟ ತೆರೆಸಿದೆವು. "ಸಪೋರ್ಟ್ ಎಷ್ಟು ಬ್ಯಾಡ, ಪ್ಯಾನೆಲ್ ರೆಸಲ್ಯೂಶನ್ ಎಷ್ಟು ಅದ ತೋರ್ಸ್ರಿ" ಎಂದೆ. 1920×1080 ಎಂದು ಅಚ್ಚಾಗಿದ್ದುದನ್ನು ಕನ್ನಡಕ ಹಾಕಿಕೊಂಡು ಓದಿದೆ, ಬಿಲ್ಲಿನಲ್ಲಿ ಮಾದರಿಯ ಸಂಖ್ಯೆ ಸಮೇತ ಬರೆಸಿಕೊಂಡೆ. ಮೊಮ್ಮಗಳು ಐದು ಅಡಿ ದೂರ ನಿಂತು ಓದಿದಳು: "ಹತ್ತರ ಘಾತ ಎಂಟು!" ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು.

43 ಇಂಚಿನ ಫುಲ್ ಎಚ್‌ಡಿ ಮನೆಗೆ ಬಂತು. ಹಳೆಯದು ಒಳಕೋಣೆಯಲ್ಲಿ ಆಯಿಯ ಪಾಲಾಯಿತು. ಆ ರಾತ್ರಿ ಮೊಮ್ಮಗಳನ್ನು ಹತ್ತಿರ ಕರೆದು, "ಅವತ್ತು ಬೈದದ್ದು ನನ್ನ ತಪ್ಪವ್ವ, ನೋಡದೇ ಮಾತಾಡಿದೆ" ಎಂದೆ. ಅವಳು ನಕ್ಕು, "ನಾನೂ ಪುಸ್ತಕ ತೆಗೆದು ತಾಳೆ ನೋಡಬೇಕಿತ್ತು, ಮುತ್ಯಾ" ಎಂದಳು.

ಈ ವಾರದ ಲೆಕ್ಕ: ನಿಮ್ಮ ಮನೆಯ ಟಿವಿಯ ಪ್ಯಾನೆಲ್ ರೆಸಲ್ಯೂಶನ್ ಎಷ್ಟೆಂದು ಅದರ ಕೈಪಿಡಿಯಲ್ಲಿ ಹುಡುಕಿ. ಗುಣಿಸಿ ಒಟ್ಟು ಚುಕ್ಕಿ ತೆಗೆಯಿರಿ. ಆಮೇಲೆ ನೀವು ಕೂರುವ ಜಾಗದಿಂದ ಟೇಪು ಹಿಡಿದು ಅಳೆಯಿರಿ. ಹೊಸ ಟಿವಿಗೆ ಹಟ ಹಿಡಿಯುವುದು ಅದಾದ ಮೇಲೆ.